ಈ ಸುವರ್ಣ ಮಹೋತ್ಸವ ಯಾರದು?

ಮಾನ್ಯರೇ,

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಮಹಿಳೆಯರಿಗೆ ಬಾಗಿಲು ತೆರೆದ ‘ಟೈಟಲ್ ನೈನ್’ ಕಾನೂನಿಗೆ 2022ರಲ್ಲಿ ಐವತ್ತು ತುಂಬಿದ ಬಗ್ಗೆ ನಾವು ಪ್ರಕಟಿಸಿದ ಲೇಖನ ನಿಮಗೆ ಹಿಡಿಸಿಲ್ಲ. ಪದಕ ಗೆದ್ದ ಆಟಗಾರ್ತಿಯರನ್ನು ಬಿಟ್ಟು ಶಾಸನವೊಂದರ ಹುಟ್ಟುಹಬ್ಬ ಆಚರಿಸುವುದೇಕೆ, ಅದರಲ್ಲಿ ಕ್ರೀಡೆಯ ಪ್ರಸ್ತಾಪವೇ ಇಲ್ಲವಲ್ಲ ಎಂದು ಕೇಳಿದ್ದೀರಿ.

ಪ್ರಸ್ತಾಪವಿಲ್ಲ, ನಿಜ. ಅಧ್ಯಕ್ಷ ನಿಕ್ಸನ್ 1972ರ ಜೂನ್ 23ರಂದು ಸಹಿ ಹಾಕಿದ ಆ ಶಾಸನದ ತಿರುಳು ಇಷ್ಟೇ: ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಕಾರ್ಯಕ್ರಮದಲ್ಲಿ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ. ಅದು ಕ್ರೀಡೆಗೂ ಅನ್ವಯಿಸುತ್ತದೆ ಎಂದು 1975ರ ನಿಯಮಗಳು ಸ್ಪಷ್ಟಪಡಿಸಿದವು. ಆದರೆ ನಿಯಮ ಬಂದ ಮಾತ್ರಕ್ಕೆ ಕಾಲೇಜುಗಳು ಬದಲಾಗಲಿಲ್ಲ. ಬದಲಾಯಿಸಿದವರು ವಿದ್ಯಾರ್ಥಿನಿಯರು. ಈ ಸುವರ್ಣ ಮಹೋತ್ಸವ ಅವರಿಗೆ ಸಲ್ಲಬೇಕು ಎಂಬುದೇ ನನ್ನ ವಾದ.

ಯೇಲ್ ವಿಶ್ವವಿದ್ಯಾಲಯದ ರೋಯಿಂಗ್ (ಹುಟ್ಟುಹಾಕಿ ದೋಣಿ ನಡೆಸುವ ಸ್ಪರ್ಧೆ) ತಂಡವನ್ನೇ ನೋಡಿ. ಹುಡುಗರೂ ಹುಡುಗಿಯರೂ ಒಂದೇ ನದಿಯಲ್ಲಿ ಅಭ್ಯಾಸ ಮಾಡುತ್ತಿದ್ದರು. ದಂಡೆಯ ಕಟ್ಟಡದಲ್ಲಿದ್ದ ಶವರ್ ಮಾತ್ರ ಹುಡುಗರದು. ಅವರು ಸ್ನಾನ ಮುಗಿಸಿ ಬರುವವರೆಗೆ ಹುಡುಗಿಯರು ಬೆವರು, ನದಿನೀರಿನಲ್ಲಿ ತೊಯ್ದ ಬಟ್ಟೆಯಲ್ಲೇ ಬಸ್ಸಿನಲ್ಲಿ ನಡುಗುತ್ತ ಕಾಯಬೇಕಿತ್ತು. ದೂರುಗಳಿಗೆ ಬೆಲೆ ಸಿಗಲಿಲ್ಲ. 1976ರ ಮಾರ್ಚ್‌ನಲ್ಲಿ ನಾಯಕಿ ಕ್ರಿಸ್ ಅರ್ನ್‌ಸ್ಟ್ ಸೇರಿ 19 ಮಂದಿ ಕ್ರೀಡಾ ಅಧಿಕಾರಿಯ ಕಚೇರಿಗೆ ಹೋದರು. ಉಡುಪು ಕಳಚಿ, ಮೈಮೇಲೆ ಶಾಯಿಯಲ್ಲಿ ಬರೆದುಕೊಂಡಿದ್ದ ‘ಟೈಟಲ್ ನೈನ್’ ತೋರಿಸಿ ನಿಂತರು; ಅರ್ನ್‌ಸ್ಟ್ ಹೇಳಿಕೆ ಓದಿದರು. ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು, ತರುವಾಯ ಶವರ್ ಕೂಡ ಬಂತು. ಅದೇ ವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ರೋಯಿಂಗ್ ಮೊದಲ ಬಾರಿ ನಡೆದಾಗ, ಯೇಲ್‌ನ ಆನ್ ವಾರ್ನರ್ ಕಂಚು ಗೆದ್ದರು. ಈ ಪದಕದ ಕಥೆಯನ್ನು ಆ ಬಸ್ಸಿನ ಕಥೆ ಬಿಟ್ಟು ಹೇಳಲು ನನಗೆ ಮನಸ್ಸಿಲ್ಲ.

ಸಂಭ್ರಮದ ಜೊತೆಗೇ ಹೇಳಬೇಕಾದ ನೋವೂ ಇದೆ. ಐವತ್ತನೇ ವರ್ಷವನ್ನು ಆಚರಿಸಿದ ಎನ್‌ಸಿಎಎ, ಅಂದರೆ ಅಲ್ಲಿನ ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ, ಎಪ್ಪತ್ತರ ದಶಕದಲ್ಲಿ ಇದೇ ನಿಯಮಗಳ ವಿರುದ್ಧ ಕೋರ್ಟ್ ಮೆಟ್ಟಿಲೇರಿತ್ತು. ಆಗ ಮಹಿಳೆಯರ ಪಂದ್ಯಾವಳಿಗಳನ್ನು ನಡೆಸುತ್ತಿದ್ದುದು 1971ರಲ್ಲಿ ಮಹಿಳೆಯರೇ ಕಟ್ಟಿದ ಎಐಎಡಬ್ಲ್ಯೂ ಎಂಬ ಸಂಸ್ಥೆ. ಎಂಬತ್ತರ ದಶಕದ ಆರಂಭದಲ್ಲಿ ಎನ್‌ಸಿಎಎ ತಾನೇ ಮಹಿಳಾ ಚಾಂಪಿಯನ್‌ಷಿಪ್ ಶುರುಮಾಡಿತು. ದೊಡ್ಡ ಕಾಲೇಜುಗಳು ಅತ್ತ ವಾಲಿದವು, ಎಐಎಡಬ್ಲ್ಯೂ ಮುಚ್ಚಿಹೋಯಿತು. 1972ರಲ್ಲಿ ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಮಹಿಳೆಯರಿದ್ದರು. ಈಗ ಅರ್ಧದಷ್ಟೂ ಇಲ್ಲ. ಹುದ್ದೆಗೆ ಸಂಬಳ, ಮರ್ಯಾದೆ ಬಂದಂತೆ ಅದು ಗಂಡಸರ ಪಾಲಾಯಿತು.

ಕಾಲೇಜು ಕ್ರೀಡೆಯಲ್ಲಿ ಆಡುವ ಮಹಿಳೆಯರ ಸಂಖ್ಯೆ ಸುಮಾರು 30 ಸಾವಿರದಿಂದ 2 ಲಕ್ಷ ದಾಟಿದೆ, ಅದು ದೊಡ್ಡ ಗೆಲುವು. ಆದರೂ ಎನ್‌ಸಿಎಎ ನಡೆಸಿದ 2021ರ ಬ್ಯಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಪುರುಷರಿಗೆ ಸುಸಜ್ಜಿತ ಜಿಮ್, ಮಹಿಳೆಯರಿಗೆ ಡಂಬೆಲ್‌ಗಳ ಒಂದು ಸ್ಟ್ಯಾಂಡ್. ಒರೆಗಾನ್ ತಂಡದ ಸೆಡೋನಾ ಪ್ರಿನ್ಸ್ ಮೊಬೈಲ್‌ನಲ್ಲಿ ಚಿತ್ರೀಕರಿಸಿ ಹಂಚಿಕೊಂಡ ಮೇಲೆ ಕೆಲವೇ ದಿನಗಳಲ್ಲಿ ಸಲಕರಣೆ ಬಂತು. ಅಂದೂ ಇಂದೂ ಕೇಳಿದವರು ವಿದ್ಯಾರ್ಥಿನಿಯರೇ.

ಪದಕ ವಿಜೇತೆಯರ ಬಗ್ಗೆಯೂ ಬರೆಯಿರಿ ಎಂಬ ನಿಮ್ಮ ಸಲಹೆ ನ್ಯಾಯವಾದದ್ದು. ಮುಂದಿನ ಸಂಚಿಕೆಗಳಲ್ಲಿ ಅವರಿಗೂ ಜಾಗ ಕೊಡುತ್ತೇವೆ, ಕೋಚ್ ಹುದ್ದೆ ಕಳೆದುಕೊಂಡ ಆ ತಲೆಮಾರಿನ ಮಹಿಳೆಯರಿಗೂ.

– ಸಂಪಾದಕ