ನಾಲೆಗೆ ಡೀಸೆಲ್ ಬಿದ್ದರೆ ಸೋಪಿನ ಪುಡಿ ಬೇಡ, ಕಬ್ಬಿನ ತರಗು ತನ್ನಿ

ಅಣ್ಣಾ, ನಿಮ್ಮ ಪ್ರಶ್ನೆಯನ್ನೂ ಅದರ ಕೆಳಗೆ ಬಂದಿರುವ ಉತ್ತರಗಳನ್ನೂ ಪೂರ್ತಿ ಓದಿದೆ. ಮದ್ದೂರು ತಾಲ್ಲೂಕಿನ ನಿಮ್ಮ ಊರಿನ ತಿರುವಿನಲ್ಲಿ ನಿನ್ನೆ ರಾತ್ರಿ ಟ್ಯಾಂಕರ್ ಮಗುಚಿದೆ. ಡೀಸೆಲ್ ಮರಿಗಾಲುವೆಗೆ ಇಳಿದಿದೆ. ಒಂದಷ್ಟು ನಿಮ್ಮ ಮೇಲಿನ ಗದ್ದೆಗೆ ನುಗ್ಗಿದೆ, ಉಳಿದದ್ದು ಸಂಘದವರು ಮೀನು ಬಿಟ್ಟಿರುವ ಕೆರೆಯ ಕಡೆಗೆ ಹೊರಟಿದೆ. ಇಲ್ಲಿ ಒಬ್ಬರು ಸೋಪಿನ ಪುಡಿ ಎರಚಿ ಎಂದಿದ್ದಾರೆ, ಇನ್ನೊಬ್ಬರು ಬೆಂಕಿ ಹಚ್ಚಿ ಎಂದಿದ್ದಾರೆ, ಮತ್ತೊಬ್ಬರು ಜಾಸ್ತಿ ನೀರು ಬಿಟ್ಟು ತೊಳೆದುಬಿಡಿ ಎಂದಿದ್ದಾರೆ. ದಯವಿಟ್ಟು ಮೂರನ್ನೂ ಮಾಡಬೇಡಿ. ಎಣ್ಣೆಯನ್ನು ತಡೆಯಬೇಕು, ನೀರಿನಿಂದ ಮೇಲೆತ್ತಬೇಕು. ಕಣ್ಣಿಗೆ ಕಾಣದಂತೆ ಮಾಡುವ ಉಪಾಯಗಳೆಲ್ಲ ಹಾನಿಯನ್ನು ಇನ್ನೊಂದು ಕಡೆಗೆ ದಾಟಿಸುತ್ತವೆ, ಅಷ್ಟೇ.

ಈ ಗಳಿಗೆಯಲ್ಲೇ ನೀರುಗಂಟಿಗೆ ಫೋನ್ ಮಾಡಿ ಮೇಲಿನ ತೂಬು ಮುಚ್ಚಿಸಿ. ಅವರಿಂದ ಆಗದಿದ್ದರೆ ಕಾವೇರಿ ನೀರಾವರಿ ನಿಗಮದ ಎಂಜಿನಿಯರಿಗೆ ಹೇಳಿ. ಟ್ಯಾಂಕರಿನ ಹತ್ತಿರದ ಕೆಲಸ ಅಗ್ನಿಶಾಮಕ ದಳದವರದು, 112ಕ್ಕೆ ಕರೆ ಮಾಡಿ. ಕ್ಯಾನು ಹಿಡಿದು ಡೀಸೆಲ್ ತುಂಬಿಕೊಳ್ಳಲು ಬರುವವರನ್ನು ಗದರಿಸಿಯಾದರೂ ದೂರ ಕಳುಹಿಸಿ. ಡೀಸೆಲ್ ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ ಎಂಬುದು ನಿಜ. ಆದರೆ ಒಣಹುಲ್ಲಿಗೆ ಹೀರಿಕೊಂಡ ಡೀಸೆಲ್ ದೀಪದ ಬತ್ತಿಯಂತೆ ಉರಿಯುತ್ತದೆ. ಆ ಸುತ್ತಿನಲ್ಲಿ ಬೀಡಿ ಬೇಡ, ಪಂಪ್‌ಸೆಟ್ ಓಡಿಸುವುದೂ ಬೇಡ. ದನಕರುಗಳನ್ನು ಆ ನೀರಿಗೆ ಬಿಡಬೇಡಿ.

ಜಾಸ್ತಿ ನೀರು ಬಿಡಿ ಎಂದವರಿಗೆ ಒಂದು ಲೆಕ್ಕ ಹೇಳುತ್ತೇನೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದಲ್ಲಿ ಕಾಣುವ ಎಣ್ಣೆಯ ಪದರ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟು ದಪ್ಪವಿದ್ದರೂ ಸಾಕು. ಆ ಲೆಕ್ಕದಲ್ಲಿ ಒಂದೇ ಒಂದು ಲೀಟರ್ ಡೀಸೆಲ್ ಸುಮಾರು 1000 ಚದರ ಮೀಟರಿಗೆ, ಅಂದರೆ ಹತ್ತು ಗುಂಟೆಗೆ ಹರಡಿಕೊಳ್ಳುತ್ತದೆ. ನೀವು ತೊಳೆದು ಕಳುಹಿಸಿದ್ದು ಕೆಳಗಿನ ಗದ್ದೆಯವರ ಪಾಲಿಗೆ, ಕೆರೆಯ ಪಾಲಿಗೆ, ಕೊನೆಗೆ ಶಿಂಷಾ ನದಿಯ ಪಾಲಿಗೆ ಹೋಗುತ್ತದೆ. ದಪ್ಪಗೆ ಒಂದೆಡೆ ನಿಂತಿರುವಾಗಲೇ ಹಿಡಿದರೆ ಮೊಗೆಯಲ್ಲಿ ಎತ್ತಬಹುದು, ಹರಡಿದ ಮೇಲೆ ಯಾರ ಕೈಗೂ ಸಿಗುವುದಿಲ್ಲ.

ತಡೆಯುವುದು ಹೇಗೆ? ತೂಬು ಮುಚ್ಚಿದರೂ ಕಾಲುವೆಯಲ್ಲಿ ಬಸಿನೀರು ಹರಿಯುತ್ತಲೇ ಇರುತ್ತದೆ. ಆದ್ದರಿಂದ ಪೂರ್ತಿ ಅಡ್ಡಗಟ್ಟಿದರೆ ನೀರು ಏರಿ, ಎಣ್ಣೆಯ ಸಮೇತ ಬದು ದಾಟುತ್ತದೆ. ಇದಕ್ಕೆ ಸುಲಭದ ಉಪಾಯ ಪೈಪು ಇಟ್ಟ ಒಡ್ಡು. ಕೆರೆಗಿಂತ ಮೇಲೆ, ಕಾಲುವೆ ಕಿರಿದಾಗಿರುವ ಕಡೆ, ಗೊಬ್ಬರದ ಖಾಲಿ ಚೀಲಗಳಿಗೆ ಮಣ್ಣು ತುಂಬಿ ಅಡ್ಡ ಪೇರಿಸಿ. ನೀರು ಬರುವ ಬದಿಗೆ ಟಾರ್ಪಾಲು ಹೊದಿಸಿ. ಚೀಲಗಳ ನಡುವೆ ಆರಿಂಚಿನ ಪಿವಿಸಿ ಪೈಪನ್ನು ಓರೆಯಾಗಿ ಕೂರಿಸಿ: ನೀರು ಬರುವ ಕಡೆಯ ಬಾಯಿ ಕಾಲುವೆಯ ತಳಕ್ಕೆ ಹತ್ತಿರ, ನೀರು ಹೋಗುವ ಕಡೆಯ ಬಾಯಿ ಎತ್ತರದಲ್ಲಿ. ಎಣ್ಣೆ ತೇಲುತ್ತದೆ, ನೀರು ಅಡಿಯಿಂದ ಹೋಗುತ್ತದೆ. ಒಡ್ಡಿನ ಹಿಂದೆ ನಿಂತ ನೀರು ತಳದ ಬಾಯಿಗಿಂತ ಒಂದೂವರೆ ಅಡಿಯಾದರೂ ಮೇಲಿರುವಂತೆ ಇನ್ನೊಂದು ತುದಿಯನ್ನು ಎತ್ತಿ ಇಡಿ. ಬಾಯಿಯ ಮೇಲೆ ನೀರು ಸುಳಿ ಸುತ್ತುವುದು ಕಂಡರೆ ಎಣ್ಣೆ ಆ ಸುಳಿಯಲ್ಲೇ ಇಳಿದು ಹೋಗುತ್ತಿದೆ ಎಂದರ್ಥ. ಆಗ ಪಕ್ಕದಲ್ಲಿ ಇನ್ನೊಂದು ಪೈಪು ಇಟ್ಟು ಸೆಳೆತ ಕಡಿಮೆ ಮಾಡಿ. ಸಾಧ್ಯವಾದರೆ ನೂರು ಅಡಿ ಕೆಳಗೆ ಇಂಥದ್ದೇ ಎರಡನೆಯ ಒಡ್ಡು ಕಟ್ಟಿ. ಮೊದಲನೆಯದು ಸ್ವಲ್ಪ ಬಿಟ್ಟುಕೊಟ್ಟೇ ಕೊಡುತ್ತದೆ.

ಈಗ ಎತ್ತುವ ವಿಷಯ. ಇದಕ್ಕೆ ಬೇಕಾದ ಕಬ್ಬಿನ ತರಗಿಗೆ, ಅಂದರೆ ಒಣ ಗರಿಗೆ, ಮಂಡ್ಯದಲ್ಲಿ ಬಡತನವಿಲ್ಲ. 2020ರ ಜುಲೈ 25ರಂದು ವಾಕಾಶಿಯೋ ಎಂಬ ಹಡಗು ಮಾರಿಷಸ್ಸಿನ ಹವಳದ ದಿಬ್ಬಕ್ಕೆ ಬಡಿದು ನಿಂತಿತು. ಆಗಸ್ಟ್ ಮೊದಲ ವಾರ ಅದರಿಂದ ಸುಮಾರು 1000 ಟನ್ ಎಣ್ಣೆ ಸೋರಿತು. ಆ ದ್ವೀಪದಲ್ಲೂ ನಮ್ಮಂತೆಯೇ ಕಬ್ಬು. ಜನ ಸರ್ಕಾರಕ್ಕಾಗಿ ಕಾಯುತ್ತ ಕೂರಲಿಲ್ಲ. ಬಟ್ಟೆಯನ್ನು ಉದ್ದ ಚೀಲದಂತೆ ಹೊಲಿದು, ಒಳಗೆ ಒಣಗಿದ ಕಬ್ಬಿನ ತರಗು ತುಂಬಿ, ತೇಲಲೆಂದು ಖಾಲಿ ಬಾಟಲಿ ಕಟ್ಟಿ, ಮೈಲಿಗಟ್ಟಲೆ ತೇಲುವ ಬೇಲಿ ಮಾಡಿದರು. ಕ್ಷೌರದ ಅಂಗಡಿಗಳಿಂದ ಕೂದಲನ್ನೂ ತಂದು ತುಂಬಿದರು, ಏಕೆಂದರೆ ಕೂದಲು ಎಣ್ಣೆಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಕಟಾವಾದ ಮೇಲೆ ಬೆಂಕಿ ಹಚ್ಚಿ ಸುಡುವ ಅದೇ ತರಗು ಅಲ್ಲಿ ಕಡಲತೀರಕ್ಕೆ ಕಾವಲು ನಿಂತಿತು.

ನೀವು ಈರುಳ್ಳಿಯ ಜಾಲರಿ ಚೀಲಗಳಿಗೆ ತರಗು ತುಂಬಿ. ಸಡಿಲವಾಗಿ ನೀರಿಗೆ ಎಸೆಯಬೇಡಿ, ಎಸೆದರೆ ತಿರುಗಿ ಹೆಕ್ಕಲು ಆಗುವುದಿಲ್ಲ. ಚೀಲಗಳನ್ನು ಹಗ್ಗಕ್ಕೆ ಸಾಲಾಗಿ ಪೋಣಿಸಿ, ಒಡ್ಡಿನ ಹಿಂದೆ ದಡದಿಂದ ದಡಕ್ಕೆ ಕಟ್ಟಿ. ತರಗು ಚೆನ್ನಾಗಿ ಒಣಗಿರಬೇಕು. ಅದು ಎಣ್ಣೆಯ ಜೊತೆ ನೀರನ್ನೂ ಕುಡಿಯುವುದರಿಂದ ಕೆಲವು ಗಂಟೆಗಳಲ್ಲಿ ಭಾರವಾಗಿ ಮುಳುಗತೊಡಗುತ್ತದೆ. ಮುಳುಗುವ ಮುನ್ನ ತೆಗೆದು ಹೊಸದನ್ನು ಕಟ್ಟಿ. ತೆಗೆದದ್ದನ್ನು ಟಾರ್ಪಾಲು ಹಾಸಿದ ಗುಂಡಿಯಲ್ಲಿ ರಾಶಿ ಮಾಡಿ, ಮಳೆ ಬೀಳದಂತೆ ಮುಚ್ಚಿಡಿ. ಒಲೆಗೂ ತಿಪ್ಪೆಗೂ ಅದು ಹೋಗಬಾರದು. ಮಾಲಿನ್ಯ ನಿಯಂತ್ರಣ ಮಂಡಳಿಯವರು ಹೇಳಿದ ಕಡೆಗೆ ಸಾಗಿಸುವುದು ಟ್ಯಾಂಕರಿನವರ ಜವಾಬ್ದಾರಿ.

ಸೋಪಿನ ಪುಡಿ ಹೇಳಿದ ಮಿತ್ರರು ಸಮುದ್ರದಲ್ಲೂ ಹಾಗೆಯೇ ಮಾಡುತ್ತಾರೆ ಎಂದು ಬರೆದಿದ್ದಾರೆ. ಅರ್ಧ ನಿಜ. ಸಮುದ್ರದಲ್ಲಿ ಎಣ್ಣೆಯನ್ನು ಒಡೆಯುವ ರಾಸಾಯನಿಕವನ್ನು ಆಳವಾದ ನೀರಿನಲ್ಲಿ, ದಡದಿಂದ ದೂರ, ಅನುಮತಿ ಪಡೆದು ಬಳಸುತ್ತಾರೆ. ದಡದಲ್ಲಿ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ 1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಲ್ಲಿ ಒಡೆದ ಟೋರಿ ಕ್ಯಾನಿಯನ್ ಹಡಗೇ ಸಾಕ್ಷಿ. ಅಲ್ಲಿ ಸುಮಾರು 10,000 ಟನ್ ಮಾರ್ಜಕ (ಡಿಟರ್ಜೆಂಟ್) ಸುರಿದರು. ಎಣ್ಣೆ ಮಾತ್ರ ಬಡಿದ ಬಂಡೆಗಳಲ್ಲಿ ಎರಡು ಮೂರು ವರ್ಷಕ್ಕೆ ಜೀವ ಮರಳಿತು. ಮಾರ್ಜಕ ಬಿದ್ದ ಬಂಡೆಗಳು ಚೇತರಿಸಿಕೊಳ್ಳಲು ಹತ್ತು ವರ್ಷವೂ ಸಾಲಲಿಲ್ಲ. ಸೋಪು ಎಣ್ಣೆಯನ್ನು ನಾಶ ಮಾಡುವುದಿಲ್ಲ, ಸಣ್ಣ ಹನಿಗಳಾಗಿ ಒಡೆದು ನೀರಿನೊಳಗೆ ಇಳಿಸುತ್ತದೆ. ಮೇಲೆ ತೇಲುತ್ತಿದ್ದದ್ದು ಮೀನಿನ ಕಿವಿರಿಗೆ ಹೋಗುತ್ತದೆ. ಕಿವಿರಿಗೆ ಸೋಪು ಕೂಡ ವಿಷವೇ. ಸೋಪು ಬಿದ್ದ ಮೇಲೆ ತರಗೂ ಒಡ್ಡೂ ಕೆಲಸಕ್ಕೆ ಬರುವುದಿಲ್ಲ. ಇದೇ ಕಾರಣಕ್ಕೆ ಎಣ್ಣೆ ಎತ್ತುವವರೆಗೆ ಕೆರೆಯಲ್ಲಿ ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಬೇಡಿ, ಅದೂ ಎಣ್ಣೆಯನ್ನು ಕಡೆದು ನೀರಿಗೆ ಬೆರೆಸುತ್ತದೆ. ಬೆಂಕಿಯ ಮಾತು ಬಿಟ್ಟುಬಿಡಿ: ತೆಳುವಾದ ಪದರ ನೀರಿನ ಮೇಲೆ ಉರಿಯುವುದಿಲ್ಲ, ಉರಿಯುವುದು ದಡದ ಕಬ್ಬು.

ಗದ್ದೆಯಲ್ಲಿ ನಿಂತ ನೀರನ್ನು ಅವಸರದಿಂದ ಹೊರಗೆ ಬಿಡಬೇಡಿ. ನೀರು ಇಳಿದಂತೆ ಎಣ್ಣೆ ಪೈರಿನ ಬುಡಕ್ಕೂ ಮಣ್ಣಿಗೂ ಮೆತ್ತಿಕೊಳ್ಳುತ್ತದೆ. ಕರಾವಳಿಯಲ್ಲಿ ಸಮುದ್ರದ ಇಳಿತದ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೆ ಆಗುವುದೂ ಇದೇ. ಕೆಸರಿನಿಂದ ಮೇಲೆದ್ದ ಅವುಗಳ ಉಸಿರಾಟದ ಬೇರುಗಳಿಗೆ ಎಣ್ಣೆ ಹತ್ತಿ, ಗಿಡ ನಿಂತಲ್ಲೇ ಸೊರಗುತ್ತದೆ. ಮೊದಲು ತರಗಿನ ಚೀಲ ಎಳೆದು ಎಣ್ಣೆ ತೆಗೆಯಿರಿ, ಆಮೇಲೆ ನೀರು ಬಸಿಯಿರಿ. ಡೀಸೆಲ್ ಕುಡಿದು ಕಪ್ಪಾದ ಮಣ್ಣನ್ನು ಕೆರೆದು ಬೇರೆ ಮಾಡಿ. ಉಳಿದದ್ದನ್ನು ಮಣ್ಣಿನ ಸೂಕ್ಷ್ಮಾಣುಗಳು ತಿಂದು ಮುಗಿಸುತ್ತವೆ, ಆದರೆ ಅವಕ್ಕೆ ಗಾಳಿ ಬೇಕು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಚೆಲ್ಲಿದ ಎಣ್ಣೆ, ಗಾಳಿಯಾಡದ ಕಲ್ಲುಮಣ್ಣಿನ ಅಡಿಯಲ್ಲಿ ದಶಕಗಳ ನಂತರವೂ ಸಿಕ್ಕಿದೆ. ಹಾಗಾಗಿ ಆ ಭಾಗಕ್ಕೆ ಈ ಹಂಗಾಮಿನಲ್ಲಿ ನೀರು ಕಟ್ಟಿ ಭತ್ತ ನೆಡಬೇಡಿ. ಕೊಟ್ಟಿಗೆ ಗೊಬ್ಬರ ಬೆರೆಸಿ, ಗುಂಟೆಗೆ ಒಂದು ಕೆಜಿ ಮೀರದಂತೆ ಯೂರಿಯಾ ಹಾಕಿ, ಹದವಾದ ತೇವದಲ್ಲಿ ಹದಿನೈದು ದಿನಕ್ಕೊಮ್ಮೆ ಉಳುತ್ತಿರಿ. ವಾಸನೆ ಹೋದ ಮೇಲೆ ಎರಡು ಕುಂಡ ತೆಗೆದುಕೊಳ್ಳಿ. ಒಂದಕ್ಕೆ ಆ ಮಣ್ಣು, ಇನ್ನೊಂದಕ್ಕೆ ಒಳ್ಳೆಯ ಮಣ್ಣು ಹಾಕಿ, ಇಪ್ಪತ್ತಿಪ್ಪತ್ತು ಹೆಸರುಕಾಳು ಬಿತ್ತಿ ನೋಡಿ. ಮೊಳಕೆಯಲ್ಲಿ ವ್ಯತ್ಯಾಸ ಕಂಡರೆ ಇನ್ನೂ ಕಾಯಬೇಕು.

ಮೀನಿನ ವಿಷಯದಲ್ಲಿ ಸಂಘದವರಿಗೆ ಮುಚ್ಚುಮರೆ ಬೇಡ. ನಾನು ಶ್ರೀರಂಗಪಟ್ಟಣದ ಕಡೆ ಕೆರೆ ಗುತ್ತಿಗೆ ಹಿಡಿದು ಮೀನು ಬಿಡುವವನು, ಈ ಸಂಕಟ ನನಗೆ ಗೊತ್ತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಚೆನ್ನೈ ಬಳಿಯ ಎಣ್ಣೂರಿನ ಹಿನ್ನೀರಿಗೆ ಎಣ್ಣೆ ಬಂದಾಗ ಅಲ್ಲಿನ ಬೆಸ್ತರು ಬಕೆಟ್ಟು, ಮಗ್ಗು ಹಿಡಿದು ತಾವೇ ನೀರಿಗಿಳಿದು ಎತ್ತಿದರು. ದೋಣಿ, ಬಲೆ ಎಲ್ಲ ಕಪ್ಪಾಯಿತು. ತಮಿಳುನಾಡು ಸರ್ಕಾರ ಮೀನುಗಾರ ಕುಟುಂಬಕ್ಕೆ 12,500 ರೂಪಾಯಿ, ದೋಣಿಗೆ 10,000 ರೂಪಾಯಿ ಘೋಷಿಸಿತು. ಕೆಟ್ಟ ಬಲೆ, ನಿಂತ ದುಡಿಮೆ, ಬುಟ್ಟಿ ಹೊತ್ತು ಮಾರುವ ಹೆಂಗಸರ ನಷ್ಟ, ಇವೆಲ್ಲವನ್ನೂ ಆ ಹಣ ತುಂಬಿಕೊಡುತ್ತದೆಯೇ? 2025ರ ಮೇ 25ರಂದು ಕೊಚ್ಚಿಯ ಬಳಿ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರುಗಳೊಂದಿಗೆ ಮುಳುಗಿದಾಗ ಕೇರಳದಲ್ಲಿ ಮೀನು ಕೊಳ್ಳುವವರೇ ಹಿಂಜರಿದರು. ಎಣ್ಣೆ ಮುಟ್ಟದ ಮೀನಿಗೂ ಭಯ ಅಂಟಿಕೊಳ್ಳುತ್ತದೆ. ಹೊಟ್ಟೆಯ ಮೇಲೆ ಹೆಚ್ಚು ದಿನ ಹೊಡೆಯುವುದು ಆ ಭಯವೇ. ಆದ್ದರಿಂದ ಮೀನು ಹಿಡಿಯುವುದನ್ನು ನಿಲ್ಲಿಸಿದ್ದೇವೆ ಎಂದು ಇಂದೇ ಡಂಗುರ ಸಾರಿಸಿ. ನೀರು ತಿಳಿಯಾದ ಮೇಲೆ ಕೆಲವು ಮೀನು ಹಿಡಿದು, ಉಪ್ಪು ಮಸಾಲೆ ಹಾಕದೆ ಬೇಯಿಸಿ ಮೂಸಿ ನೋಡಿ. ಡೀಸೆಲ್ ವಾಸನೆ ಇದ್ದರೆ ಮಾರುವಂತಿಲ್ಲ. ವಾಸನೆ ಇಲ್ಲದಿದ್ದರೂ ಮೀನುಗಾರಿಕೆ ಇಲಾಖೆಯವರಿಂದ ಪರೀಕ್ಷೆ ಮಾಡಿಸಿ, ಆ ಫಲಿತಾಂಶವನ್ನು ಊರ ಮುಂದೆ ಹಚ್ಚಿದ ಮೇಲೆಯೇ ಮಾರಾಟ ಶುರು ಮಾಡಿ.

ಹಕ್ಕಿಗಳು ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರು ನಿಮ್ಮ ತಾಲ್ಲೂಕಿನದೇ. ಹೆಜ್ಜಾರ್ಲೆಗಳು (ಪೆಲಿಕನ್) ನಿಮ್ಮ ಕೆರೆಗೆ ಮೇಯಲು ಬಂದರೆ ತಮಟೆ ಬಾರಿಸಿ ಓಡಿಸಿ, ಈ ಕೆಲವು ದಿನ ಅದೇ ಅವುಗಳಿಗೆ ಮಾಡುವ ಉಪಕಾರ. ಎಣ್ಣೂರಿನಲ್ಲಿ ಹೆಜ್ಜಾರ್ಲೆಗಳ ಮೈಗೆ ಎಣ್ಣೆ ಮೆತ್ತಿಕೊಂಡಿತ್ತು. ಗರಿಗೆ ಎಣ್ಣೆ ಹತ್ತಿದರೆ ನೀರು ಒಳಗಿಳಿದು ಹಕ್ಕಿ ಚಳಿಗೆ ಸಾಯುತ್ತದೆ, ಕೊಕ್ಕಿನಿಂದ ತೀಡಿಕೊಂಡರೆ ವಿಷ ಹೊಟ್ಟೆಗೆ ಹೋಗುತ್ತದೆ. ಅಂಥ ಹಕ್ಕಿ ಸಿಕ್ಕರೆ ನೀವೇ ತೊಳೆಯಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬೆಚ್ಚಗೆ, ಕತ್ತಲಲ್ಲಿ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಪರಿಹಾರಕ್ಕೆ ದಾಖಲೆ ಇಂದೇ ಆಗಬೇಕು. ಎಣ್ಣೆ ಎತ್ತುವ ಮುನ್ನ ಫೋಟೊ ತೆಗೆಯಿರಿ. ಗಾಜಿನ ಬಾಟಲಿಯಲ್ಲಿ ಕಂಠಮಟ್ಟ ನೀರು ತುಂಬಿ, ದಿನಾಂಕ ಬರೆದು ತಂಪಾದ ಕಡೆ ಇಡಿ. ಪ್ಲಾಸ್ಟಿಕ್ ಬಾಟಲಿ ಎಣ್ಣೆಯನ್ನು ಹೀರಿಕೊಳ್ಳುವುದರಿಂದ ಅದು ಬೇಡ. ಪೊಲೀಸ್ ದೂರು, ಗ್ರಾಮ ಆಡಳಿತ ಅಧಿಕಾರಿಯ ಸಮ್ಮುಖದ ಮಹಜರು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ, ಮೂರರ ಪ್ರತಿಯೂ ನಿಮ್ಮ ಕೈಯಲ್ಲಿರಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಪರಿಹಾರ ಕೇಳಲು ಐದು ವರ್ಷದ ಕಾಲಾವಕಾಶವಿದೆ, ಆದರೆ ಇಂದಿನ ಸಾಕ್ಷ್ಯ ನಾಳೆಗೆ ಸಿಗುವುದಿಲ್ಲ. ಸ್ಥಳದಲ್ಲೇ ಹಣ ಕೊಟ್ಟು ಸಹಿ ಹಾಕಿಸಿಕೊಳ್ಳಲು ಯಾರಾದರೂ ಬಂದರೆ ಒಪ್ಪಬೇಡಿ.

ಒಡ್ಡು ಕಟ್ಟುವ ಜಾಗದಲ್ಲಿ ಕಾಲುವೆ ಎಷ್ಟು ಅಗಲ, ಎಷ್ಟು ಆಳ ಎಂದು ಒಂದು ಫೋಟೊ ಸಮೇತ ಇಲ್ಲಿ ಹಾಕಿ, ಎಷ್ಟು ಪೈಪು ಬೇಕೆಂದು ಹೇಳುತ್ತೇನೆ. ನನ್ನ ಹೊಲದಲ್ಲಿ ಕಟಾವಾದ ಒಣ ತರಗು ಎರಡು ಟ್ರ್ಯಾಕ್ಟರ್ ಲೋಡಿನಷ್ಟಿದೆ, ಹಣದ ಮಾತು ಬೇಡ. ಮಧ್ಯಾಹ್ನದೊಳಗೆ ಗಾಡಿ ಕಳುಹಿಸಿದರೆ ತುಂಬಿಸಿ ಕೊಡುತ್ತೇನೆ. ಮದ್ದೂರು, ಮಳವಳ್ಳಿ ಕಡೆಯವರಲ್ಲಿ ಯಾರ ಬಳಿ ಈರುಳ್ಳಿ ಚೀಲಗಳಿವೆಯೋ ಇದರ ಕೆಳಗೆ ತಿಳಿಸಿ.