ಓದುಗರ ಪ್ರಶ್ನೆ: ಜ್ವರ ಇಳಿಯಿತು, ಬಿಲ್ ಇಳಿಯಲಿಲ್ಲ

ಪ್ರಶ್ನೆ: ಮಾವನವರಿಗೆ ಪಿತ್ತಕೋಶದ ಆಪರೇಷನ್ ಆಯಿತು. 5 ಲಕ್ಷದ ವಿಮೆ ಇದೆ. ಜಿಎಸ್‌ಟಿ ಬಿಟ್ಟು ಬಿಲ್ 1,92,000 ರೂಪಾಯಿ, ಕಂಪನಿ ಕೊಟ್ಟಿದ್ದು 1,42,500. ವಿಮೆಯಲ್ಲಿ ಇನ್ನೂ ಅಷ್ಟೊಂದು ಹಣ ಇರುವಾಗ ಕತ್ತರಿ ಹಾಕಿದ್ದೇಕೆ? ರೂಮ್ ಬಾಡಿಗೆ ದಿನಕ್ಕೆ 8,000, ನಾಲ್ಕು ದಿನ.
— ಅಳಿಯ, ದಾವಣಗೆರೆ

ಉತ್ತರ: ಕತ್ತರಿ ಬಿದ್ದಿದ್ದು ರೂಮ್ ಆರಿಸಿದ ಗಳಿಗೆಯಲ್ಲಿ. ನಿಮ್ಮ ಪಾಲಿಸಿಯಲ್ಲಿ ‘ರೂಮ್ ಬಾಡಿಗೆ ವಿಮಾ ಮೊತ್ತದ ಶೇ 1’ ಎಂಬ ಸಾಲು ಇರಬೇಕು, ತೆಗೆದು ನೋಡಿ. ಹಾಗಿದ್ದರೆ ನಿಮ್ಮ ಮಿತಿ ದಿನಕ್ಕೆ 5,000. ರೂಮ್‌ಗೆ 32,000ದ ಬದಲು 20,000 ಸಿಕ್ಕಿತು. ಅಷ್ಟಕ್ಕೇ ನಿಂತಿದ್ದರೆ ನಷ್ಟ 12,000 ಮಾತ್ರ. ಆದರೆ ಸರ್ಜನ್, ಅರಿವಳಿಕೆ, ಥಿಯೇಟರ್, ನರ್ಸಿಂಗ್ ಶುಲ್ಕಗಳನ್ನೂ ಅದೇ ಅನುಪಾತದಲ್ಲಿ, ಅಂದರೆ ಎಂಟರಲ್ಲಿ ಐದು ಪಾಲಿಗೆ ಇಳಿಸುತ್ತಾರೆ. ಅವು ಸೇರಿ 1,00,000 ಆಗಿದ್ದರೆ ಸಿಗುವುದು 62,500. ಉಳಿದ 60,000 ಔಷಧಿ, ಪರೀಕ್ಷೆಗಳದ್ದು ಎಂದುಕೊಂಡರೆ ನಿಮ್ಮ ಲೆಕ್ಕ ಸರಿಯಾಗಿ ಕೂಡುತ್ತದೆ.

ಔಷಧಿ, ಪರೀಕ್ಷೆ, ಇಂಪ್ಲಾಂಟ್, ಐಸಿಯು ಶುಲ್ಕಗಳಿಗೆ ಈ ಅನುಪಾತದ ಕತ್ತರಿ ಹಾಕುವಂತಿಲ್ಲ. ರೂಮಿನ ದರ್ಜೆ ನೋಡಿ ಸರ್ಜನ್ ಶುಲ್ಕ ಬದಲಿಸದ ಆಸ್ಪತ್ರೆಯಲ್ಲೂ ಹಾಕುವಂತಿಲ್ಲ. ಕಡಿತದ ಪಟ್ಟಿ ತರಿಸಿ ಇವೆರಡನ್ನು ಮೊದಲು ನೋಡಿ. ಐಸಿಯು ಬಿಟ್ಟು, ದಿನಕ್ಕೆ 5,000 ದಾಟಿದ ರೂಮ್‌ಗೆ ಶೇ 5 ಜಿಎಸ್‌ಟಿಯೂ ಇದೆ. ಮುಂದಿನ ಸಲ ಅಡ್ಮಿಷನ್ ಕೌಂಟರ್‌ನಲ್ಲಿ ‘ಯಾವ ರೂಮ್ ಬೇಕು’ ಎಂದಾಗ ‘ನಮ್ಮ ಪಾಲಿಸಿಗೆ ಯಾವುದು ಕೂರುತ್ತದೆ’ ಎಂದು ಕೇಳಿ. ಬೀಗರೆದುರು ಡೀಲಕ್ಸ್ ರೂಮ್ ಎಂದು ಹೇಳಿಕೊಳ್ಳುವ ಹೆಮ್ಮೆಗೆ ನೀವು ತೆತ್ತಿದ್ದು 49,500. ಟೀವಿ ಆದರೂ ಚೆನ್ನಾಗಿತ್ತೆ?

ಪ್ರಶ್ನೆ: ‘ದುಡ್ಡಿನ ಮುಖ ನೋಡಬೇಡಿ, ದೊಡ್ಡ ಆಸ್ಪತ್ರೆಗೇ ಸೇರಿಸಿ’ ಎನ್ನುವ ನೆಂಟರಿಗೆ ಏನು ಹೇಳಲಿ?
— ಸೊಸೆ, ಹಾಸನ

ಉತ್ತರ: ಮುಂಗಡ ಕಟ್ಟುವ ಕೌಂಟರ್ ಎಡಗಡೆ ಇದೆ ಎನ್ನಿ.

ಪ್ರಶ್ನೆ: ಡಾಕ್ಟರು ಬೆಳಿಗ್ಗೆ ಒಂಬತ್ತಕ್ಕೇ ‘ಮನೆಗೆ ಹೋಗಿ’ ಎಂದರು. ಹೊರಬಂದಾಗ ರಾತ್ರಿ ಎಂಟು. ಅಷ್ಟು ಹೊತ್ತು ಆಗುವುದಾದರೂ ಏನು?
— ಕಾದು ಸುಸ್ತಾದವರು, ತುಮಕೂರು

ಉತ್ತರ: ಡಾಕ್ಟರು ಬಾಯಲ್ಲಿ ಹೇಳಿದ್ದು ಬಿಲ್ಲಿಂಗ್‌ನವರ ಕಿವಿಗೆ ಬೀಳುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಬೇಕು, ವಾರ್ಡಿನಲ್ಲಿ ಉಳಿದ ಔಷಧಿ ಫಾರ್ಮಸಿಗೆ ಹಿಂತಿರುಗಿ ಜಮಾ ಆಗಬೇಕು, ಲ್ಯಾಬ್, ಸ್ಕ್ಯಾನಿಂಗ್ ಲೆಕ್ಕ ಸೇರಬೇಕು. ಆಮೇಲೆ ಅಂತಿಮ ಬಿಲ್ ವಿಮಾ ಕಂಪನಿಗೆ ಹೋಗುತ್ತದೆ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ 2024ರ ಸುತ್ತೋಲೆಯ ಪ್ರಕಾರ ಆಸ್ಪತ್ರೆಯ ಕೋರಿಕೆ ತಲುಪಿದ 3 ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ತಡಮಾಡಿದ್ದರಿಂದ ಆಸ್ಪತ್ರೆ ಹೆಚ್ಚುವರಿ ಶುಲ್ಕ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಆದರೆ ಆ 3 ಗಂಟೆ ಡಾಕ್ಟರ ಮಾತಿನಿಂದ ಶುರುವಾಗುವುದಿಲ್ಲ. ಹಾಗಾಗಿ ‘ಎಷ್ಟೊತ್ತಿಗೆ ಕಳಿಸಿದಿರಿ?’ ಎಂದು ಆಸ್ಪತ್ರೆಯಲ್ಲಿ ವಿಮೆಯ ಕಾಗದಪತ್ರ ನೋಡಿಕೊಳ್ಳುವ ಟಿಪಿಎ ಡೆಸ್ಕಿನಲ್ಲಿ ಕೇಳಿ ಗಂಟೆ ಬರೆದಿಟ್ಟುಕೊಳ್ಳಿ. ಹಿಂದಿನ ಸಂಜೆಯೇ ಸಮ್ಮರಿ ಸಿದ್ಧಪಡಿಸಲು ಡ್ಯೂಟಿ ಡಾಕ್ಟರನ್ನು ಕೇಳಿಕೊಂಡರೆ ಅರ್ಧ ದಿನ ಉಳಿದೀತು.

ಪ್ರಶ್ನೆ: ಬಿಲ್‌ನಲ್ಲಿ ‘ಕನ್ಸ್ಯೂಮಬಲ್ಸ್ 38,000’ ಎಂದು ಒಂದೇ ಸಾಲು. ಏನು ಕೇಳಬೇಕು?
— ಲೆಕ್ಕ ಮೇಷ್ಟ್ರು, ಶಿರಸಿ

ಉತ್ತರ: ಕನ್ಸ್ಯೂಮಬಲ್ಸ್ ಎಂದರೆ ಗ್ಲೌಸ್, ಸಿರಿಂಜ್ ಥರ ಬಳಸಿ ಎಸೆಯುವ ಸಾಮಾನು. ವಿವರವಾದ ಬಿಲ್ ಕೇಳಿ, ಅದು ರೋಗಿಯ ಹಕ್ಕು. ಮೊದಲು ದಿನಗಳ ಎಣಿಕೆ ನೋಡಿ. ರಾತ್ರಿ ಹನ್ನೊಂದಕ್ಕೆ ಸೇರಿದ್ದನ್ನೂ ಪೂರ್ತಿ ದಿನವೆಂದು ಹಿಡಿಯುವ ಪದ್ಧತಿ ಕೆಲವೆಡೆ ಇದೆ. ಡಾಕ್ಟರ್ ವಿಸಿಟ್‌ಗಳನ್ನು ಕೇಸ್ ಶೀಟಿನ ಟಿಪ್ಪಣಿಗಳ ಜೊತೆ ಹೊಂದಿಸಿ ನೋಡಿ. ವಾಪಸ್ ಕೊಟ್ಟ ಇಂಜೆಕ್ಷನ್‌ಗಳು ಕಳೆದಿವೆಯೇ ನೋಡಿ. ನಿಜವಾದ ತಪ್ಪುಗಳು ಹೆಚ್ಚಾಗಿ ಸಿಗುವುದು ಇಲ್ಲೇ. ಸ್ಟೆಂಟ್, ಲೆನ್ಸ್ ಹಾಕಿದ್ದರೆ ಅದರ ಸ್ಟಿಕ್ಕರ್ ಕೇಸ್ ಶೀಟಿನಲ್ಲಿ ಅಂಟಿಸಿರುತ್ತಾರೆ, ಬಿಲ್‌ನಲ್ಲಿರುವ ಹೆಸರು, ಬೆಲೆಗೆ ತಾಳೆ ಹಾಕಿ. ಫೈಲ್ ತೆರೆದ ಶುಲ್ಕ, ವಿಸಿಟರ್ ಪಾಸ್, ಡಿಸ್ಚಾರ್ಜ್ ಪ್ರಕ್ರಿಯೆ ಶುಲ್ಕ ಇಂಥವು ರೂಮ್ ಬಾಡಿಗೆಯಲ್ಲೇ ಅಡಕ ಎಂದು ವಿಮಾ ನಿಯಮ ಹೇಳುತ್ತದೆ. ಹೊರಹೋಗುವ ದಿನ ಇಷ್ಟೆಲ್ಲ ಕೆದಕಿದರೆ ಹಿಂದಿನ ಸಾಲಿನವರು ನಿಮ್ಮನ್ನು ಶಪಿಸುತ್ತಾರೆ. ಎರಡು ದಿನಕ್ಕೊಮ್ಮೆ ಮಧ್ಯಂತರ ಬಿಲ್ ತೆಗೆದುಕೊಂಡರೆ ಆ ಪಾಪ ತಪ್ಪುತ್ತದೆ.

ಪ್ರಶ್ನೆ: ಅಮ್ಮನ ಬಿಲ್ ಹಂಚಿಕೊಳ್ಳಲು ನಾವು ಮೂವರು ಅಣ್ಣತಮ್ಮಂದಿರು. ಜಗಳವಾಗದ ಉಪಾಯ ಇದೆಯೇ?
— ನಡುವಿನವನು, ಮೈಸೂರು

ಉತ್ತರ: ಸೇರಿಸಿದ ದಿನವೇ ಪಾಲು ಮಾತಾಡಿ. ಅಮ್ಮ ಹುಷಾರಾದ ಮೇಲೆ ಎಲ್ಲರ ನೆನಪೂ ಬೇರೆ ಬೇರೆ. ಅಡ್ಮಿಷನ್ ಫಾರ್ಮ್‌ಗೆ ಸಹಿ ಹಾಕಿದವರನ್ನೇ ಆಸ್ಪತ್ರೆ ಬಾಕಿಗೆ ಹುಡುಕುತ್ತದೆ ಎಂಬುದೂ ಗೊತ್ತಿರಲಿ. ಒಬ್ಬನೇ ಕಟ್ಟಿ ಉಳಿದವರು ಅವನಿಗೆ ನಗದು ಕೊಡುವುದಕ್ಕಿಂತ, ಮೂವರೂ ತಂತಮ್ಮ ಖಾತೆಯಿಂದ ನೇರ ಆಸ್ಪತ್ರೆಗೆ ಕಟ್ಟಿ, ಬೇರೆ ಬೇರೆ ರಸೀದಿ ಪಡೆಯಿರಿ. ಅಮ್ಮನಿಗೆ 60 ದಾಟಿ, ಆರೋಗ್ಯ ವಿಮೆ ಇಲ್ಲದಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ಮಗ ತಾನು ಕಟ್ಟಿದ್ದಕ್ಕೆ ವರ್ಷಕ್ಕೆ 50,000ದವರೆಗೆ ತೆರಿಗೆ ಲೆಕ್ಕದ ಆದಾಯದಲ್ಲಿ ಕಡಿತ ಕೇಳಬಹುದು. ನಗದು ಕೊಟ್ಟರೆ ಅದು ಇಲ್ಲ.

ಪ್ರಶ್ನೆ: ಮದುವೆ ಖರ್ಚಿಗೂ ಆಸ್ಪತ್ರೆ ಖರ್ಚಿಗೂ ವ್ಯತ್ಯಾಸ?
— ಎರಡನ್ನೂ ಕಂಡವರು, ಗದಗ

ಉತ್ತರ: ಅಲ್ಲಿ ಮುಯ್ಯಿ ಬರುತ್ತದೆ, ಇಲ್ಲಿ ಮೋಸಂಬಿ.

ಪ್ರಶ್ನೆ: ಪಾಲಿಸಿ ಮಾಡಿಸಿ ಆರು ವರ್ಷ, ಪ್ರತಿ ವರ್ಷ ತಪ್ಪದೆ ಕಟ್ಟಿದ್ದೇನೆ. ‘ಬಿಪಿ ಇದ್ದದ್ದು ಹೇಳಿಲ್ಲ’ ಎಂದು ಈಗ ಕ್ಲೇಮ್ ತಿರಸ್ಕರಿಸಿದ್ದಾರೆ.
— ಬೇಸತ್ತವರು, ಕಲಬುರಗಿ

ಉತ್ತರ: ಬಿಡಬೇಡಿ. ಪಾಲಿಸಿ 60 ತಿಂಗಳು ಬಿಡದೆ ನಡೆದಿದ್ದರೆ, ವಂಚನೆ ಎಂದು ಸಾಬೀತಾಗದ ಹೊರತು ಮಾಹಿತಿ ಮುಚ್ಚಿಟ್ಟ ನೆಪ ಹೇಳುವಂತಿಲ್ಲ. ಮೊದಲು ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಬರೆಯಿರಿ. ತಿರಸ್ಕಾರ ಪತ್ರ, ಎಲ್ಲ ವರ್ಷಗಳ ನವೀಕರಣ ಪ್ರತಿ, ಡಿಸ್ಚಾರ್ಜ್ ಸಮ್ಮರಿ ಜೊತೆಗಿರಲಿ. ಫೋನಿನಲ್ಲಿ ಬಯ್ದಿದ್ದು ದೂರು ಎನಿಸಿಕೊಳ್ಳುವುದಿಲ್ಲ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಿ. ಶುಲ್ಕ ಇಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಅದೇ ವಿಷಯವನ್ನು ಗ್ರಾಹಕ ನ್ಯಾಯಾಲಯಕ್ಕೂ ಒಯ್ದಿದ್ದರೆ ಮಾತ್ರ ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ.