ಸಭೆ ಎರಡಾದಾಗ ಪ್ರಾರ್ಥನೆ ಬಾರದಿದ್ದರೆ

ಪ್ರಿಯ ಸಹೋದರರೇ, ಪಾಸ್ಟರರ ವರ್ಗಾವಣೆಯ ವಿಷಯದಲ್ಲಿ ತೀರ್ಥಹಳ್ಳಿ ಕಡೆಯ ನಿಮ್ಮ ಕ್ರೈಸ್ತ ಸಭೆ ಎರಡು ಪಾಲಾಗಿದೆ, ಮೂರು ತಿಂಗಳಿಂದ ಪ್ರಾರ್ಥನೆಗೆ ಕುಳಿತರೆ ಮಾತೇ ಹೊರಡುತ್ತಿಲ್ಲ, ಸಭೆಯನ್ನು ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಈಗಲೇ ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಯಾರಿಗಾದರೂ ಹಿಂಸೆಯಾಗುತ್ತಿದ್ದರೆ ಮಾತು ಬೇರೆ.

ಬೈಬಲಿನಲ್ಲಿ, ಸಾವನ್ನೇ ಬೇಡಿಕೊಂಡ ಪ್ರವಾದಿ ಎಲೀಯನನ್ನು ದೇವರು ಗದರಿಸಲಿಲ್ಲ. ಮೊದಲು ನಿದ್ದೆ, ರೊಟ್ಟಿ, ನೀರು ಕೊಟ್ಟು, ಆಮೇಲೆ ಮಾತನಾಡಿಸಿದನು. ಸ್ವಂತ ಮಾತು ಬಾರದ ದಿನ ನೀವು 42ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿದರೆ ಸಾಕು.

ಒಡಕಿನ ವಿಷಯಕ್ಕೆ ಬಂದರೆ, ಜೊತೆ ಸೇವಕನಾದ ಮಾರ್ಕನ ನಿಮಿತ್ತ ಅಪೊಸ್ತಲರಾದ ಪೌಲನೂ ಬಾರ್ನಬನೂ ತೀಕ್ಷ್ಣವಾಗಿ ವಾದಿಸಿ ಅಗಲಿದರು. ಆದರೆ ಮುಂದೆ ಸೆರೆಯಿಂದ ತಿಮೊಥೆಯನಿಗೆ ಬರೆದ ಪತ್ರದಲ್ಲಿ, ಅದೇ ಮಾರ್ಕನು ಸೇವೆಗೆ ಉಪಯುಕ್ತನು, ಅವನನ್ನು ಕರೆದುಕೊಂಡು ಬಾ ಎಂದು ಪೌಲನೇ ಹೇಳುತ್ತಾನೆ. ಬೇರೆಬೇರೆ ಪಂಗಡಗಳು ಸೇರಿ ದಕ್ಷಿಣ ಭಾರತ ಸಭೆಯಾಗಿ (ಸಿ.ಎಸ್.ಐ.) ಒಂದಾಗಲು, 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ 1947ರವರೆಗೆ ನಡೆಯಬೇಕಾಯಿತು.

ಶಿವಮೊಗ್ಗದ ನಮ್ಮ ಸಭೆಯೂ ಹೀಗೆಯೇ ಸೀಳಿತ್ತು. ಆಗ ಜಡಿಮಳೆಯ ಒಂದು ಸಂಜೆ, ಎದುರು ಪಕ್ಷದ ಹಿರಿಯ ತಾಯಿಯೊಬ್ಬರು ಜ್ವರದಲ್ಲಿದ್ದ ನನ್ನ ತಂದೆಗೆಂದು ಗಂಜಿಯ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದರು. ಜಗಳದ ಮಾತನ್ನೇ ಎತ್ತಲಿಲ್ಲ. ನೀವೂ ಈ ವಾರ ಆ ಪಕ್ಷದ ಒಂದು ಮನೆಗೆ ಹೋಗಿ, ಅವರ ಕಷ್ಟಸುಖ ಕೇಳಿ ಬನ್ನಿ.